ಸ್ಟೀರಿಂಗ್ ಕೋನಕ್ಕೆ ಎಎಸ್5600: ಚಿಪ್ ಚೆನ್ನ, ಮ್ಯಾಗ್ನೆಟ್ ಕೂರಿಸುವುದರಲ್ಲೇ ಇದೆ ಕೆಲಸ

ರೋಬೋದ ಸ್ಟೀರಿಂಗ್ ಕೋನ ಅಳೆಯಲು ಪೊಟೆನ್ಷಿಯೋಮೀಟರ್ (ತಿರುಗಿಸಿದಂತೆ ರೋಧ ಬದಲಾಗುವ ಭಾಗ) ಹಾಕಿದರೆ ಒಳಗಿನ ಪಟ್ಟಿ ಸವೆದು ರೀಡಿಂಗ್ ನಡುಗತೊಡಗುತ್ತದೆ. ಪೂರ್ತಿ ಸುತ್ತು ಅಳೆಯಲೂ ಬರುವುದಿಲ್ಲ. ಎಎಸ್5600 ಮಾಡ್ಯೂಲ್ ಶಾಫ್ಟಿನ ತುದಿಗೆ ಕೂರಿಸಿದ ಮ್ಯಾಗ್ನೆಟ್ಟಿನ ಕಾಂತಕ್ಷೇತ್ರ ನೋಡಿ, ಶಾಫ್ಟಿಗೆ ತಾಗದೆಯೇ ಒಂದು ಸುತ್ತನ್ನು 4096 ಭಾಗ ಮಾಡಿ ಓದುತ್ತದೆ, ಅಂದರೆ ಒಂದು ಭಾಗಕ್ಕೆ ಸುಮಾರು 0.088 ಡಿಗ್ರಿ. ಪವರ್ ಹೋಗಿ ಬಂದರೂ ಚಕ್ರ ಎತ್ತ ತಿರುಗಿದೆ ಎಂದು ತಕ್ಷಣ ಹೇಳುತ್ತದೆ. ಸ್ಟೀರಿಂಗಿಗೆ ಇದೇ ದೊಡ್ಡ ಲಾಭ.

ಎಡವಟ್ಟಾಗುವುದು ಮ್ಯಾಗ್ನೆಟ್ಟಿನಲ್ಲಿ. ಸಾಮಾನ್ಯ ಬಿಲ್ಲೆ ಮ್ಯಾಗ್ನೆಟ್ಟಿಗೆ ಧ್ರುವಗಳು ಮೇಲೆ ಕೆಳಗೆ ಇರುತ್ತವೆ. ಅದು ಇಲ್ಲಿ ಕೆಲಸಕ್ಕೆ ಬಾರದು. ಅರ್ಧ ಬಿಲ್ಲೆ ಉತ್ತರ, ಅರ್ಧ ದಕ್ಷಿಣ ಇರುವಂಥದ್ದೇ ಬೇಕು. 6 ಮಿ.ಮೀ. ವ್ಯಾಸ, 2.5 ಮಿ.ಮೀ. ದಪ್ಪದ್ದು ಸರಿಹೊಂದುತ್ತದೆ. ಚಿಪ್ಪಿನಿಂದ 0.5ರಿಂದ 3 ಮಿ.ಮೀ. ಅಂತರವಿರಲಿ. ಮ್ಯಾಗ್ನೆಟ್ಟಿನ ನಡುಬಿಂದು ಚಿಪ್ಪಿನ ನಡುವಿನಿಂದ 0.25 ಮಿ.ಮೀ.ಗಿಂತ ಹೆಚ್ಚು ಸರಿದರೆ ಸುತ್ತಿನ ಒಂದು ಕಡೆ ಕೋನ ಹೆಚ್ಚು, ಇನ್ನೊಂದು ಕಡೆ ಕಡಿಮೆ ತೋರುತ್ತದೆ. ಕೈಯಲ್ಲಿ ಅಂಟಿಸಿದರೆ ಈ ಅಳತೆ ಸಿಗುವುದು ಕಷ್ಟ, ಪ್ಲಾಸ್ಟಿಕ್ ಅಥವಾ ಹಿತ್ತಾಳೆಯ ಹೋಲ್ಡರ್ ಮಾಡಿಕೊಳ್ಳಿ. ಉಕ್ಕಿನ ಬೋಲ್ಟ್ ತುದಿಗೆ ನೇರವಾಗಿ ಕೂರಿಸಿದರೆ ಕಾಂತಕ್ಷೇತ್ರವನ್ನು ಉಕ್ಕು ತನ್ನೊಳಗೆ ಎಳೆದುಕೊಳ್ಳುತ್ತದೆ. ಕೂರಿಸಿದ ಮೇಲೆ ಚಿಪ್ಪಿನ ಎಜಿಸಿ ರಿಜಿಸ್ಟರ್ (ಕಾಂತಕ್ಷೇತ್ರದ ಬಲಕ್ಕೆ ತಕ್ಕಂತೆ ಚಿಪ್ ತಾನೇ ಹೊಂದಿಸಿಕೊಳ್ಳುವ ವರ್ಧನೆಯ ಅಂಕಿ) ಓದಿ: 3.3 ವೋಲ್ಟಿನಲ್ಲಿ 64ರ ಆಸುಪಾಸು, 5 ವೋಲ್ಟಿನಲ್ಲಿ 128ರ ಆಸುಪಾಸು ಬಂದರೆ ಅಂತರ ಸರಿಯಿದೆ.

ಸೆನ್ಸರ್ ಇರಬೇಕಾದ ಜಾಗ ಚಕ್ರ ತಿರುಗುವ ಶಾಫ್ಟ್, ಮೋಟಾರಿನ ಶಾಫ್ಟ್ ಅಲ್ಲ. ಮೋಟಾರ್ ಕಡೆ ಇಟ್ಟರೆ ಗೇರಿನ ಸಡಿಲ ಲೆಕ್ಕಕ್ಕೇ ಸಿಗುವುದಿಲ್ಲ.

ದೂರು ಎರಡಿವೆ. ಚಿಪ್ ಕಂಟ್ರೋಲರಿನೊಂದಿಗೆ ಮಾತಾಡುವ ಎರಡು ತಂತಿಯ ಸಂಪರ್ಕವಾದ ಐ2ಸಿಯಲ್ಲಿ ಇದರ ವಿಳಾಸ ಹೆಕ್ಸ್ 36, ಬದಲಿಸಲಾಗದು. ನಾಲ್ಕು ಚಕ್ರಕ್ಕೆ ನಾಲ್ಕು ಸೆನ್ಸರನ್ನು ಒಂದೇ ಐ2ಸಿ ಜೋಡಿ ತಂತಿಗೆ ಸೇರಿಸಬೇಕೆಂದರೆ ಟಿಸಿಎ9548ಎಯಂಥ ಮಲ್ಟಿಪ್ಲೆಕ್ಸರ್ (ಒಂದೊಂದೇ ಸೆನ್ಸರನ್ನು ಸರದಿಯಂತೆ ಜೋಡಿಸುವ ಚಿಪ್) ಬೇಕು. ಅದರಲ್ಲಿ 8 ಚಾನೆಲ್ ಇವೆ. ಇನ್ನೊಂದು, ಕೆಲವು ಅಗ್ಗದ ಬೋರ್ಡುಗಳಲ್ಲಿ ಡಿಐಆರ್ ಪಿನ್ (ಯಾವ ಕಡೆ ತಿರುಗಿದರೆ ಕೋನ ಏರಬೇಕೆಂದು ಹೇಳುವ ಪಿನ್) ಎಲ್ಲಿಗೂ ಸೇರಿರುವುದಿಲ್ಲ. ಹಾಗೇ ಬಿಟ್ಟರೆ ಕೋನ ಏರುವ ದಿಕ್ಕು ಇದ್ದಕ್ಕಿದ್ದಂತೆ ತಲೆಕೆಳಗಾಗಿ ಚಕ್ರ ಹುಚ್ಚೆದ್ದು ತಿರುಗಬಹುದು. ಗ್ರೌಂಡಿಗೆ ಬೆಸುಗೆ ಹಾಕಿಯೇ ಮುಂದುವರಿಯಿರಿ.

ಮೋಟಾರ್ ತಂತಿಯ ಪಕ್ಕದಲ್ಲೇ ಉದ್ದ ಕೇಬಲ್ ಎಳೆದರೆ ಐ2ಸಿ ನಡುನಡುವೆ ಕೈಕೊಡುತ್ತದೆ. ಕೇಬಲ್ ಚಿಕ್ಕದಿರಲಿ, ವೇಗ 100 ಕಿಲೋಹರ್ಟ್ಸ್ ಸಾಕು.

ಚಕ್ರ ನೇರ ಇರುವಾಗಿನ ಮೌಲ್ಯವನ್ನು ಚಿಪ್ಪಿನೊಳಗೆ ಸುಡಬೇಡಿ (ಶಾಶ್ವತವಾಗಿ ಬರೆಯಬೇಡಿ), ಆ ಅವಕಾಶ ಮೂರೇ ಸಲ. ಅದನ್ನು ಕಂಟ್ರೋಲರಿನಲ್ಲೇ ಉಳಿಸಿ, ರೀಡಿಂಗಿನಿಂದ ಕಳೆಯಿರಿ. ಉತ್ತರ 2047 ದಾಟಿದರೆ 4096 ಕಳೆಯಿರಿ, ಮೈನಸ್ 2048ಕ್ಕಿಂತ ಕೆಳಗಿಳಿದರೆ 4096 ಕೂಡಿಸಿ. ಈ ಸಾಲು ಮರೆತರೆ 4095ರಿಂದ 0ಗೆ ಹಾರುವಲ್ಲಿ ಚಕ್ರ ಹಿಂದುಮುಂದಾಗಿ ಇಡೀ ಸುತ್ತು ಹೊಡೆದು ತಂತಿಗಳನ್ನು ಕಿತ್ತುಹಾಕುತ್ತದೆ.