ಜಯನಗರದ ವಿಗ್ ಅಂಗಡಿ: ಮೊದಲು ಯಾರು ನಗಬೇಕೆಂದು ಬಲ್ಲವರು

ಸ್ತನ ಕ್ಯಾನ್ಸರಿಗೆ ಕೀಮೋ ತೆಗೆದುಕೊಳ್ಳುತ್ತಿದ್ದ ನನ್ನ ಅಕ್ಕನಿಗೆ ವಿಗ್ ಕೊಳ್ಳಲೆಂದು ಕಳೆದ ವರ್ಷ ನಾವು ಬೆಂಗಳೂರಿನಲ್ಲಿ ಎರಡು ಅಂಗಡಿಗಳ ಮೆಟ್ಟಿಲು ಹತ್ತಿದೆವು. ಅವುಗಳಲ್ಲಿ ಎರಡನೆಯದು, ಜಯನಗರ 4ನೇ ಬ್ಲಾಕಿನಿಂದ ನಡೆದೇ ಹೋಗಬಹುದಾದ ಒಂದು ಮಹಡಿಯ ಮೇಲಿದೆ. ಗಿರಾಕಿಗಳು ಆಸ್ಪತ್ರೆಯಲ್ಲಿ ಒಬ್ಬರಿಂದೊಬ್ಬರು ಕೇಳಿಕೊಂಡು ಬಂದರೆ ಸಾಕು, ಹೆಸರು ಬರೆಯಬೇಡಿ ಎಂದು ಯಜಮಾನರು ಹೇಳಿದ್ದರಿಂದ ನಾನೂ ಬರೆಯುತ್ತಿಲ್ಲ. ಸರಕು ಎರಡೂ ಕಡೆ ಹೆಚ್ಚುಕಡಿಮೆ ಒಂದೇ, ವ್ಯತ್ಯಾಸವಿದ್ದದ್ದು ಮಾತಿನಲ್ಲಿ.

ಮೊದಲ ಅಂಗಡಿಯಲ್ಲಿ ಅಕ್ಕ ತಲೆಗೆ ಕಟ್ಟಿದ್ದ ಸ್ಕಾರ್ಫ್ ಬಿಚ್ಚುವ ಮೊದಲೇ ಅಲ್ಲಿನ ಹುಡುಗ, "ಇನ್ಮೇಲೆ ಶಾಂಪೂ ಖರ್ಚು ಉಳೀತಲ್ಲ ಮೇಡಂ" ಎಂದು ನಕ್ಕ. ಹಿಂದಿನ ವಾರವಷ್ಟೇ ಅಕ್ಕ ಇದೇ ಮಾತನ್ನು ಅಡುಗೆಮನೆಯಲ್ಲಿ ಹೇಳಿ ನಮ್ಮನ್ನೆಲ್ಲ ನಗಿಸಿದ್ದಳು. ಕೆಂಪಗೆ ಹೊಳೆಯುವ ಡಾಕ್ಸೊರುಬಿಸಿನ್ ಔಷಧಕ್ಕೆ 'ದಾಳಿಂಬೆ ಜ್ಯೂಸ್' ಎಂದು ಹೆಸರಿಟ್ಟು, 21 ದಿನಕ್ಕೊಮ್ಮೆ ಆಸ್ಪತ್ರೆಗೆ ಹೊರಡುವಾಗ "ಜ್ಯೂಸ್ ಅಂಗಡಿಗೆ ಹೋಗ್ಬರ್ತೀನಿ" ಎನ್ನುತ್ತಿದ್ದವಳೂ ಅವಳೇ. ಆದರೆ ಅದೇ ಮಾತು ಹುಡುಗನ ಬಾಯಿಂದ ಬಂದಾಗ ಸ್ಕಾರ್ಫಿನ ಗಂಟನ್ನು ಇನ್ನಷ್ಟು ಬಿಗಿದುಕೊಂಡು, ಬೆಲೆಯನ್ನೂ ಕೇಳದೆ ಕೆಳಗಿಳಿದುಬಿಟ್ಟಳು. ಆಟೋದಲ್ಲಿ ಮನೆ ಬರುವವರೆಗೂ ಮಾತಾಡಲಿಲ್ಲ.

ಜಯನಗರದ ಅಂಗಡಿಯ ಯಜಮಾನರಿಗೆ ಅರವತ್ತು ದಾಟಿರಬಹುದು. ಅವರು ಮೊದಲು ಬಾಗಿಲಿಗೆ ಎದುರಾಗಿದ್ದ ಕನ್ನಡಿಯನ್ನು ಗೋಡೆಯ ಕಡೆ ತಿರುಗಿಸಿ, ಕುಡಿಯಲು ನೀರು ಕೊಟ್ಟು, ಬೈತಲೆ ಯಾವ ಕಡೆ, ದಿನಾ ಅಡುಗೆ ಮಾಡುವವರು ಯಾರು, ಹೂ ಮುಡಿಯುವ ಅಭ್ಯಾಸವಿದೆಯೇ ಎಂದು ಒಂದೊಂದಾಗಿ ಕೇಳಿ ಬರೆದುಕೊಂಡರು. ಒಲೆಯ ಮುಂದೆ ನಿಲ್ಲುವವರಿಗೆ ಸಿಂಥೆಟಿಕ್ ವಿಗ್ ಬೇಡ, ಕುಕ್ಕರಿನ ಹಬೆ ತಾಗಿದರೂ ಮುಂಗೂದಲು ಸುರುಟಿಕೊಳ್ಳುತ್ತದೆ ಎಂದು ಅವರೇ ಎಚ್ಚರಿಸಿದರು. ಮಲ್ಲಿಗೆ ದಂಡೆಯ ಭಾರಕ್ಕೆ ಒಳಗಿನ ಬಲೆ ಜಗ್ಗದಂತೆ ಹಿಂದುಗಡೆ ಒಂದು ಸಣ್ಣ ಕೊಕ್ಕೆ ಹೊಲಿದುಕೊಡುವುದಾಗಿಯೂ, ಆದರೆ ಬಿಳಿ ರಕ್ತಕಣ ಕಡಿಮೆ ಇರುವ ದಿನಗಳಲ್ಲಿ ಹಸಿ ಹೂ ಮುಡಿಯುವ ಮೊದಲು ಡಾಕ್ಟರನ್ನು ಕೇಳಬೇಕೆಂದೂ ಹೇಳಿದರು. ಈ ಹದಿನೈದು ನಿಮಿಷದಲ್ಲಿ ಒಂದೇ ಒಂದು ತಮಾಷೆಯ ಮಾತು ಅವರ ಬಾಯಿಂದ ಬರಲಿಲ್ಲ.

ಅಕ್ಕ ಒಂದು ವಿಗ್ಗನ್ನು ಕೈಗೆತ್ತಿಕೊಂಡು, ಇದು ಯಾರ ಕೂದಲು ಎಂದು ಕೇಳಿದಳು. ತಿರುಮಲೆಯ ಕಲ್ಯಾಣಕಟ್ಟೆಯಲ್ಲಿ ಭಕ್ತರು ಕೊಟ್ಟ ಮುಡಿಯನ್ನು ದೇವಸ್ಥಾನದವರು ಹರಾಜು ಹಾಕುತ್ತಾರೆ, ಇದು ಅಲ್ಲಿಂದ ವ್ಯಾಪಾರಿಗಳ ಕೈ ದಾಟಿ ಬಂದದ್ದು ಎಂದರು ಅವರು.

"ಸಣ್ಣವಳಿದ್ದಾಗ ನಾನೂ ಎರಡು ಸಲ ಮುಡಿ ಕೊಟ್ಟಿದ್ದೀನಿ. ಆ ಡಿಪಾಸಿಟ್ಟು ಈಗ ಕೈಗೆ ಬಂತು ಅನ್ನಿ" ಎಂದಳು ಅಕ್ಕ.

ಅವರು ಅಳತೆಯ ಟೇಪನ್ನು ಕೊರಳಿಗೆ ಹಾಕಿಕೊಂಡು, ಮುಖದ ಗಾಂಭೀರ್ಯ ಕೊಂಚವೂ ಕೆಡದಂತೆ, "ಕುಬೇರನಿಗೆ ಬಡ್ಡಿ ಕಟ್ಟಿ ಕಟ್ಟಿ ಅಭ್ಯಾಸ ಆಗಿರೋ ದೇವರು ಅಮ್ಮ. ನಿಮ್ಮದನ್ನ ಇಟ್ಕೋತಾನಾ? ನೋಡಿ, ಬಡ್ಡಿ ಅಂತ ಎರಡಿಂಚು ಉದ್ದ ಜಾಸ್ತೀನೇ ಕೊಟ್ಟಿದ್ದಾನೆ" ಎಂದರು. ಅಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು, ನಗುತ್ತಲೇ ಸ್ಕಾರ್ಫಿನ ಗಂಟು ಬಿಚ್ಚಿದಳು. ಅವರು ಇನ್ನೊಂದು ತಮಾಷೆಗೆ ಕೈಹಾಕದೆ ಹಣೆಯಿಂದ ಹೆಡಕಿನವರೆಗೆ ಟೇಪ್ ಹಿಡಿದು ಅಳತೆ ತೆಗೆದುಕೊಂಡರು. ನನ್ನ ಲೆಕ್ಕದಲ್ಲಿ ಈ ಅಂಗಡಿಗೆ ಪೂರ್ಣ ಅಂಕ ಸಿಗುವುದು ಆ ಉತ್ತರಕ್ಕಿಂತ ಹೆಚ್ಚಾಗಿ, ಅದಕ್ಕೆ ಮೊದಲಿನ ಹದಿನೈದು ನಿಮಿಷಕ್ಕೂ ಆನಂತರದ ಮೌನಕ್ಕೂ. ವೃತ್ತಿಯಿಂದ ವೈದ್ಯರಾಗಿದ್ದ ರಾಶಿಯವರು (ಡಾ. ಎಂ. ಶಿವರಾಂ) 1942ರಿಂದ 25 ವರ್ಷ 'ಕೊರವಂಜಿ' ಎಂಬ ಹಾಸ್ಯಪತ್ರಿಕೆ ನಡೆಸಿದ ಊರು ಇದು. ಕಾಯಿಲೆಯವರ ಎದುರು ನಗುವುದೇ ತಪ್ಪೆನ್ನುವವರು ನಾವಲ್ಲ. ಆದರೂ ಕಾಯಿಲೆ ಯಾರ ಮೈಮೇಲಿದೆಯೋ ಅವರು ಬಾಗಿಲು ತೆಗೆಯುವ ತನಕ ಹೊರಗೆ ನಿಲ್ಲುವ ಸಂಯಮ ನೆಂಟರಿಷ್ಟರಲ್ಲೇ ಅಪರೂಪವಾಗಿರುವಾಗ, ವ್ಯಾಪಾರಸ್ಥರೊಬ್ಬರಲ್ಲಿ ಅದನ್ನು ಕಂಡು ನನಗೆ ಆಶ್ಚರ್ಯವೇ ಆಯಿತು.

ದೂರುಗಳೂ ಇವೆ. ಲಿಫ್ಟ್ ಇಲ್ಲ, ಕೀಮೋ ಆದ ಮೂರನೆಯ ದಿನ ಇಪ್ಪತ್ತೆರಡು ಮೆಟ್ಟಿಲು ಹತ್ತುವುದೆಂದರೆ ಏನೆಂದು ಹತ್ತಿದವರಿಗೇ ಗೊತ್ತು. ನಾಲ್ಕು ದಿನದಲ್ಲಿ ಕೊಡುತ್ತೇವೆಂದ ವಿಗ್ ಕೈಗೆ ಬರಲು ಹನ್ನೊಂದು ದಿನ ಹಿಡಿಯಿತು, ಫೋನ್ ಮಾಡಿದಾಗಲೆಲ್ಲ "ನಾಳೆ" ಎಂಬ ಉತ್ತರ. ನಾವು ತೆಗೆದುಕೊಂಡ ಅಸಲಿ ಕೂದಲಿನ ವಿಗ್ಗಿಗೆ 22,000 ರೂಪಾಯಿ ಆಯಿತು. ಸಿಂಥೆಟಿಕ್ಕಿನದು 7,500ಕ್ಕೆ ಸಿಗುತ್ತಿತ್ತು. ಏಪ್ರಿಲ್ ಬಿಸಿಲಿಗೆ ಒಳಗಿನ ಬಲೆ ವಿಪರೀತ ತುರಿಸುತ್ತದೆ, ಅಡಿಯಲ್ಲಿ ತೆಳು ಹತ್ತಿಯ ಟೊಪ್ಪಿ ಹಾಕಿಕೊಳ್ಳಬೇಕೆಂಬುದನ್ನು ಅವರು ಮೊದಲೇ ಹೇಳಬೇಕಿತ್ತು. "ಬಡ್ಡಿ ದುಡ್ಡು ಯಾವತ್ತೂ ಕಚ್ಚತ್ತೆ" ಎಂದು ಅಕ್ಕ ಅದನ್ನೂ ತನ್ನ ಲೆಕ್ಕಕ್ಕೇ ಬರೆದುಕೊಂಡಳು.

ಹೋಗುವವರು ಕೂದಲೆಲ್ಲ ಉದುರುವವರೆಗೆ ಕಾಯಬೇಡಿ. ಇಂಥ ಔಷಧಗಳಲ್ಲಿ ಸಾಮಾನ್ಯವಾಗಿ ಮೊದಲ ಕೀಮೋ ಆಗಿ ಎರಡು ಮೂರು ವಾರಕ್ಕೆ ಉದುರಲು ಶುರುವಾಗುವುದರಿಂದ, ಅದಕ್ಕೆ ಮೊದಲೇ ಹೋದರೆ ಬಣ್ಣವನ್ನೂ ಬೈತಲೆಯನ್ನೂ ನಿಮ್ಮದೇ ಕೂದಲಿಗೆ ಹೊಂದಿಸಿ ನೋಡಬಹುದು. ಸೋಮವಾರ ರಜೆ. ಮಧ್ಯಾಹ್ನದ ಊಟದ ನಂತರ ಹೋದರೆ ಬೇರೆ ಗಿರಾಕಿಗಳು ಇರುವುದಿಲ್ಲ, ಕನ್ನಡಿ ಬೇಕೆಂದಾಗ ನೀವೇ ತಿರುಗಿಸಿಕೊಳ್ಳಬಹುದು.