ವಿಶ್ಲೇಷಕರು ಬಿಟ್ಟುಹೋದ ಮೇಲೆ ಈ ಚಂದಾ ಕಟ್ಟಬೇಕೇ? ಕುಂಬಳೆಯಿಂದ ಒಂದು ದೀರ್ಘಾವಧಿ ಬಳಕೆಯ ವಿಮರ್ಶೆ

ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಪಂದ್ಯಗಳಿಗಾಗಿ ಹಲವು ಸೀಸನ್‌ಗಳಿಂದ ನಾನು ವರ್ಷದ ಚಂದಾ ಕಟ್ಟುತ್ತಾ ಬಂದಿರುವ ಕ್ರೀಡಾ ವಾಹಿನಿಯೊಂದರ ಕುರಿತು ಬರೆಯುತ್ತಿದ್ದೇನೆ. ಪಂದ್ಯದ ಮೊದಲು, ವಿರಾಮದಲ್ಲಿ ಮತ್ತು ಪಂದ್ಯ ಮುಗಿದ ಮೇಲೆ ಸ್ಟುಡಿಯೋದಲ್ಲಿ ಕುಳಿತು ಆಟವನ್ನು ಬಿಡಿಸಿ ಹೇಳುತ್ತಿದ್ದ ವಿಶ್ಲೇಷಕರೊಬ್ಬರು ಈ ಸೀಸನ್ ಆರಂಭಕ್ಕೆ ಮುಂಚೆ ಆ ವಾಹಿನಿಯನ್ನು ಬಿಟ್ಟರು. ಅದರಿಂದ ನಮ್ಮ ಕಡೆಯ ಪ್ರೇಕ್ಷಕರಲ್ಲಿ ಎರಡು ಪಂಗಡಗಳೇ ಆಗಿವೆ. ಚಂದಾ ಮುಂದುವರಿಸಬೇಕೇ ಬೇಡವೇ ಎಂದು ಕೇಳುವವರು ಹೆಚ್ಚಾದ್ದರಿಂದ ಈ ವಿಮರ್ಶೆ. ಆ ವಿಶ್ಲೇಷಕರ ಹೆಸರನ್ನಾಗಲಿ ವಾಹಿನಿಯ ಹೆಸರನ್ನಾಗಲಿ ಬರೆಯುವುದಿಲ್ಲ. ಬೇರೆ ವಾಹಿನಿಗಳ ಚಂದಾದಾರರಿಗೂ ಈ ಪ್ರಶ್ನೆ ಇಂದಲ್ಲ ನಾಳೆ ಎದುರಾಗುವಂಥದ್ದು.

ಚಿತ್ರದ ಗುಣಮಟ್ಟದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ, ಅದು ಚೆನ್ನಾಗಿದೆ. ಆ್ಯಪ್‌ನಲ್ಲಿ ನೋಡಿದರೆ ದೃಶ್ಯ ತುಸು ತಡವಾಗಿ ಬರುತ್ತದೆ, ಹಾಗಾಗಿ ಕೇಬಲ್ಲಿನಲ್ಲಿ ನೋಡುವ ಪಕ್ಕದ ಮನೆಯಿಂದ ಗೋಲಿನ ಕೂಗು ಮೊದಲು ಕೇಳಿಸುತ್ತದೆ. ಆಗಸ್ಟ್ ತಿಂಗಳ ಮಳೆಗೆ ಕರೆಂಟು ಹೋದಾಗ ಮೊಬೈಲಿನಲ್ಲಿ ನೋಡಲು ಬರುವುದು ಒಂದು ಅನುಕೂಲ. ಇನ್ನೊಂದು ಅನುಕೂಲ ಇಂಗ್ಲೆಂಡಿನವರಿಗೇ ಇಲ್ಲ. ಅಲ್ಲಿ ಶನಿವಾರ ಮಧ್ಯಾಹ್ನ ಮೂರು ಗಂಟೆಯ ಪಂದ್ಯಗಳನ್ನು ಟಿ.ವಿ.ಯಲ್ಲಿ ನೇರವಾಗಿ ತೋರಿಸುವಂತಿಲ್ಲ. ಮೈದಾನಕ್ಕೆ ಬರುವ ಜನ ಕಡಿಮೆಯಾಗಬಾರದೆಂದು 1960ರ ದಶಕದಿಂದ ನಡೆದು ಬಂದ ಕಟ್ಟುಪಾಡು ಅದು. ನಮಗೆ ಆ ಪಂದ್ಯಗಳು ರಾತ್ರಿ ಏಳೂವರೆಗೆ, ಚಳಿಗಾಲದಲ್ಲಿ ಎಂಟೂವರೆಗೆ ಸಿಗುತ್ತವೆ. ಪಂದ್ಯಗಳ ಮಟ್ಟಿಗೆ ಕೊಟ್ಟ ಹಣಕ್ಕೆ ಮೋಸವಿಲ್ಲ.

ಆದರೆ ನಾನು ಈ ಚಂದಾ ಕಟ್ಟುತ್ತಿದ್ದದ್ದು ಪಂದ್ಯಕ್ಕಾಗಿ ಎಷ್ಟೋ, ಪಂದ್ಯದ ಸುತ್ತಲಿನ ಮಾತಿಗಾಗಿಯೂ ಅಷ್ಟೇ. ಅದಕ್ಕೆ ಕಾರಣ ನಮ್ಮ ಊರಿನ ಫುಟ್‌ಬಾಲಿನಲ್ಲಿದೆ. ಮಂಜೇಶ್ವರದಿಂದ ತೃಕ್ಕರಿಪುರದವರೆಗೆ ಕಾಸರಗೋಡು ಜಿಲ್ಲೆಯ ಜನ ಈ ಆಟವನ್ನು ಕಲಿತದ್ದು ಬಹುಪಾಲು ಸೆವೆನ್ಸ್‌ನಲ್ಲಿ. ಗದ್ದೆಯಲ್ಲೋ ಶಾಲೆಯ ಮೈದಾನದಲ್ಲೋ ತಾತ್ಕಾಲಿಕ ಗ್ಯಾಲರಿ ಕಟ್ಟಿ, ದೀಪ ಹಾಕಿ, ರಾತ್ರಿ ಆಡುವ ಏಳು ಜನರ ಆಟವದು. ಅದರಲ್ಲಿ ಆಫ್‌ಸೈಡ್ ಇಲ್ಲ. ಚೆಂಡು ಇರುವಲ್ಲಿಗೆ ಕಣ್ಣು, ಚೆಂಡು ಸಿಕ್ಕವನ ಕಾಲಿಗೆ ಚಪ್ಪಾಳೆ. ಹಾಗೆ ಬೆಳೆದವರಿಗೆ ಹನ್ನೊಂದು ಜನರ ಆಟದಲ್ಲಿ ಚೆಂಡಿಲ್ಲದ ಇಪ್ಪತ್ತೊಂದು ಜನ ಏನು ಮಾಡುತ್ತಿದ್ದಾರೆಂದು ಯಾರಾದರೂ ತೋರಿಸಿಕೊಡಬೇಕಾಗುತ್ತದೆ. ಈ ವಿಶ್ಲೇಷಕರು ಮಾಡಿದ್ದು ಅದನ್ನೇ. ಅವರ ಇಂಗ್ಲಿಷು ನಿಧಾನದ್ದು, ಸರಳವಾದದ್ದು. ಕನ್ನಡ ಮಾಧ್ಯಮದಲ್ಲಿ ಓದಿ ಹತ್ತನೇ ತರಗತಿ ಮುಗಿಸಿದ ಹುಡುಗರೂ ಅದನ್ನು ಹಿಂಬಾಲಿಸಬಲ್ಲವರಾಗಿದ್ದರು. ಅರ್ಥವಾಗದೆ ಉಳಿದದ್ದನ್ನು ನಮ್ಮ ಕ್ಲಬ್ಬಿನಲ್ಲಿ ಹಿರಿಯರೊಬ್ಬರು ತುಳುವಿನಲ್ಲಿ ಹೇಳಿಕೊಡುತ್ತಿದ್ದರು.

ಒಂದು ಉದಾಹರಣೆ ಕೊಡುತ್ತೇನೆ. 2023ರ ಏಪ್ರಿಲ್ 9ರಂದು ಆನ್‌ಫೀಲ್ಡ್‌ನಲ್ಲಿ ಲಿವರ್‌ಪೂಲ್ ಮತ್ತು ಆರ್ಸೆನಲ್ ಪಂದ್ಯ 2–2ರಲ್ಲಿ ಮುಗಿಯಿತು. ಆರ್ಸೆನಲ್ ಎರಡು ಗೋಲು ಮುಂದಿತ್ತು, ಲಿವರ್‌ಪೂಲ್ ತಂಡದ ಸಲಾ ಒಂದು ಗೋಲು ಹೊಡೆದರು, ಪೆನಾಲ್ಟಿಯೊಂದನ್ನು ಹೊರಗೆ ಹೊಡೆದರು, ಕೊನೆಯಲ್ಲಿ ಫರ್ಮಿನೊ ತಲೆಕೊಟ್ಟು ಸಮ ಮಾಡಿದರು. ಜನ ಮಾತಾಡಿಕೊಂಡದ್ದು ಇಷ್ಟನ್ನೇ. ಈ ವಿಶ್ಲೇಷಕರು ಗೋಲುಗಳನ್ನು ಬದಿಗಿಟ್ಟು, ಲಿವರ್‌ಪೂಲ್ ಗೋಲ್‌ಕೀಪರ್ ಬಳಿ ಚೆಂಡಿದ್ದ ಒಂದು ಸಾಧಾರಣ ಕ್ಷಣದಲ್ಲಿ ಚಿತ್ರವನ್ನು ನಿಲ್ಲಿಸಿದರು. ರೈಟ್ ಬ್ಯಾಕ್, ಅಂದರೆ ಬಲಬದಿಯ ರಕ್ಷಣಾ ಆಟಗಾರ, ಅಲೆಕ್ಸಾಂಡರ್-ಆರ್ನಾಲ್ಡ್ ತನ್ನ ಗೆರೆಯ ಬದಿಯಲ್ಲಿರಲಿಲ್ಲ, ಮೈದಾನದ ನಡುವೆ ಮಧ್ಯಭಾಗದ ಆಟಗಾರ ಫಬಿನ್ಯೊ ಪಕ್ಕದಲ್ಲಿ ನಿಂತಿದ್ದರು. ಹಿಂದೆ ಮೂವರೇ ಉಳಿದಿದ್ದರು, ಎಡಗಡೆಯ ರಾಬರ್ಟ್‌ಸನ್ ಒಳಕ್ಕೆ ಸರಿದಿದ್ದರು. ನಮ್ಮ ಕ್ಲಬ್ಬಿನ ಹಳೆಯ ಬ್ಯಾಕುಗಳು ಅದನ್ನು ನೋಡಿದ ಕೂಡಲೇ ‘ಜಾಗ ಬಿಟ್ಟಿದ್ದಾನೆ’ ಎಂದರು. ಹಾಗೆ ಬಿಟ್ಟ ಜಾಗದಿಂದ ಬರುವ ಅಪಾಯ ಯಾವುದು, ನಡುವೆ ಒಬ್ಬ ಹೆಚ್ಚಾದ್ದರಿಂದ ಸಿಗುವ ಲಾಭ ಯಾವುದು ಎಂಬ ಎರಡನ್ನೂ ವಿಶ್ಲೇಷಕರು ಅದೇ ಚಿತ್ರದ ಮೇಲೆ ತೋರಿಸಿದರು. ಸರಿ–ತಪ್ಪಿನ ತೀರ್ಪು ಕೊಡಲಿಲ್ಲ. ಆ ಸೀಸನ್ನಿನ ಉಳಿದ ಪಂದ್ಯಗಳಲ್ಲಿ ಲಿವರ್‌ಪೂಲ್ ಅದೇ ಕ್ರಮವನ್ನು ಮುಂದುವರಿಸಿದಾಗ ನಾವೆಲ್ಲ ಅದನ್ನು ನಾವಾಗಿಯೇ ಗುರುತಿಸುತ್ತಿದ್ದೆವು.

ಅವರ ವಾರದ ಕಾರ್ಯಕ್ರಮ ಇಂಗ್ಲೆಂಡಿಗಷ್ಟೇ ಸೀಮಿತವಾಗಿರಲಿಲ್ಲ. ಅದೇ ವರ್ಷದ ಮಾರ್ಚ್ 3ರಂದು ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ನಡುವೆ ನಡೆದ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಪ್ಲೇಆಫ್ ಪಂದ್ಯ ನಮ್ಮ ಊರಿನಲ್ಲಿ ಮನೆಮನೆಯನ್ನು ಎರಡು ಪಾಲು ಮಾಡಿತ್ತು. ಹೆಚ್ಚುವರಿ ಸಮಯದಲ್ಲಿ ಬ್ಲಾಸ್ಟರ್ಸ್ ಆಟಗಾರರು ಸಾಲಾಗಿ ನಿಂತು ಗೋಡೆ ಕಟ್ಟುವ ಮೊದಲೇ ಸುನಿಲ್ ಛೇತ್ರಿ ಫ್ರೀ ಕಿಕ್ ಹೊಡೆದು ಗೋಲು ಮಾಡಿದರು, ಬ್ಲಾಸ್ಟರ್ಸ್ ತಂಡ ಮೈದಾನ ಬಿಟ್ಟು ಹೊರಟಿತು. ಮುಂದೆ ಅವರ ಕ್ಲಬ್ಬಿಗೆ ನಾಲ್ಕು ಕೋಟಿ ರೂಪಾಯಿ ದಂಡ ಬಿತ್ತು, ಕೋಚ್ ಇವಾನ್ ವುಕೊಮನೊವಿಚ್ ಹತ್ತು ಪಂದ್ಯಗಳಿಗೆ ನಿಷೇಧಕ್ಕೊಳಗಾದರು. ಕನ್ನಡದ ಮೇಲಿನ ಅಭಿಮಾನದಿಂದ ಬೆಂಗಳೂರಿನ ಕಡೆ ನಿಂತವರೂ, ಜಿಲ್ಲೆ ಕೇರಳದಲ್ಲಿದೆಯೆಂದು ಬ್ಲಾಸ್ಟರ್ಸ್ ಕಡೆ ನಿಂತವರೂ ಒಂದೇ ಜಗಲಿಯಲ್ಲಿ ಕುಳಿತು ನೋಡುವ ಊರಿದು. ಇಂಥ ಕಡೆ ಕೂಗಾಟಕ್ಕೆ ತುಪ್ಪ ಸುರಿಯುವುದು ಸುಲಭ. ಈ ವಿಶ್ಲೇಷಕರು ಫ್ರೀ ಕಿಕ್ ಕುರಿತ, ಫುಟ್‌ಬಾಲಿನ ಹದಿಮೂರನೆಯ ನಿಯಮವನ್ನು ತೆರೆದಿಟ್ಟರು. ಎದುರಾಳಿಗಳು 9.15 ಮೀಟರ್ ದೂರ ಸರಿಯಬೇಕೆಂಬುದು ಒದೆಯುವ ತಂಡಕ್ಕೆ ಕೊಟ್ಟ ಹಕ್ಕು, ಬೇಡವೆಂದರೆ ಅವರು ಸೀಟಿಗೆ ಕಾಯದೆ ಬೇಗನೆ ಒದೆಯಬಹುದು. ದೂರ ಅಳೆದುಕೊಡಿ ಎಂದು ಕೇಳಿದರೆ ಮಾತ್ರ, ಅಥವಾ ರೆಫರಿ ತಾನಾಗಿ ಆಟವನ್ನು ತಡೆಹಿಡಿದಿದ್ದರೆ ಮಾತ್ರ, ಸೀಟಿ ಬೇಕಾಗುತ್ತದೆ. ಆದ್ದರಿಂದ ವಿವಾದವೆಲ್ಲ ನಿಂತದ್ದು ರೆಫರಿ ಆ ಕ್ಷಣದಲ್ಲಿ ಯಾವ ಸೂಚನೆ ಕೊಟ್ಟಿದ್ದರು ಎಂಬ ಒಂದೇ ಪ್ರಶ್ನೆಯ ಮೇಲೆ. ಇಷ್ಟು ತಿಳಿದ ಮೇಲೆ ಜಗಲಿಯ ಜಗಳ ನಿಲ್ಲಲಿಲ್ಲ, ಆದರೆ ಅದು ಜಗಳವಾಡಲು ಯೋಗ್ಯವಾದ ವಿಷಯದ ಮೇಲೆ ನಡೆಯಿತು.

ಈಗ ಅವರು ಹೋದದ್ದು ಒಳ್ಳೆಯದೇ ಆಯಿತೆನ್ನುವವರ ಮಾತು. ಅವರಲ್ಲಿ ಹಲವರು ಮ್ಯಾಂಚೆಸ್ಟರ್ ಯುನೈಟೆಡ್ ಅಭಿಮಾನಿಗಳು. ತಮ್ಮ ತಂಡ ಸೋತಾಗ ವಿಶ್ಲೇಷಕರ ದನಿಯಲ್ಲಿ ಉತ್ಸಾಹ ಹೆಚ್ಚುತ್ತಿತ್ತೆಂಬುದು ಇವರ ದೂರು. ನಾನು ಅದನ್ನು ಒಪ್ಪುವುದಿಲ್ಲ, ಆ ತಂಡದ ಮಧ್ಯಭಾಗ ತೆರೆದುಕೊಂಡಿದ್ದಾಗ ತೆರೆದಿದೆಯೆಂದಷ್ಟೇ ಅವರು ಹೇಳುತ್ತಿದ್ದರು. ಇನ್ನೊಂದು ದೂರಿನಲ್ಲಿ ಸತ್ಯಾಂಶವಿದೆ. ನೇರ ಪಂದ್ಯದಲ್ಲಿ ಮುಖ್ಯ ವೀಕ್ಷಕ ವಿವರಣೆಗಾರರ ಜೊತೆ ಮೈಕಿನ ಮುಂದೆ ಕುಳಿತಾಗ ವಿಶ್ಲೇಷಕರಿಗೆ ಮಾತು ನಿಲ್ಲಿಸಲು ಬರುತ್ತಿರಲಿಲ್ಲ, ಗ್ಯಾಲರಿಯ ಸದ್ದನ್ನು ಕೇಳಬೇಕಾದ ಹೊತ್ತಿನಲ್ಲೂ ಹಿಂದಿನ ನಡೆಯನ್ನೇ ವಿವರಿಸುತ್ತಿದ್ದರು. ನಿವೃತ್ತ ಪಿ.ಟಿ. ಮಾಸ್ಟ್ರೊಬ್ಬರು ಇದನ್ನು ಮೊದಲಿನಿಂದಲೂ ಹೇಳುತ್ತಾ ಬಂದವರು. ‘ಸ್ಟುಡಿಯೋದಲ್ಲಿ ಅವರು ಬೇಕು, ಮೈಕಿನ ಮುಂದೆ ಬೇಡ’ ಎಂಬ ಅವರ ಮಾತಿಗೆ ನನ್ನ ಸಮ್ಮತಿಯಿದೆ.

ಭವಿಷ್ಯ ನುಡಿದದ್ದು ಸುಳ್ಳಾಗುತ್ತದೆ, ಅಂಥವರನ್ನು ಇಟ್ಟುಕೊಂಡು ಏನು ಪ್ರಯೋಜನ ಎಂದು ಕೇಳುವವರೂ ಇದ್ದಾರೆ. ಬಿಬಿಸಿಯ ‘ಮ್ಯಾಚ್ ಆಫ್ ದ ಡೇ’ ಕಾರ್ಯಕ್ರಮದಲ್ಲಿ ವಿಶ್ಲೇಷಕ ಅಲನ್ ಹ್ಯಾನ್ಸನ್ 1995ರ ಆಗಸ್ಟಿನಲ್ಲಿ, ಹುಡುಗರನ್ನು ಕಟ್ಟಿಕೊಂಡು ಏನನ್ನೂ ಗೆಲ್ಲಲಾಗದು ಎಂದು ಮ್ಯಾಂಚೆಸ್ಟರ್ ಯುನೈಟೆಡ್ ಬಗ್ಗೆ ಹೇಳಿದ್ದರು. ಆಸ್ಟನ್ ವಿಲ್ಲಾಗೆ 3–1ರಿಂದ ಸೋತಿದ್ದ ಅದೇ ತಂಡ ಆ ಸೀಸನ್ನಿನಲ್ಲಿ ಲೀಗನ್ನೂ ಎಫ್‌ಎ ಕಪ್ಪನ್ನೂ ಗೆದ್ದಿತು. ಆದರೂ ಹ್ಯಾನ್ಸನ್ 2014ರವರೆಗೆ ಅಲ್ಲೇ ಇದ್ದರು, ಏಕೆಂದರೆ ರಕ್ಷಣಾ ಸಾಲಿನ ತಪ್ಪನ್ನು ಅವರಷ್ಟು ಸ್ಪಷ್ಟವಾಗಿ ತೋರಿಸುವವರು ಕಡಿಮೆ. ಹಾಗೆಯೇ ವಿಶ್ಲೇಷಕ ಗ್ಯಾರಿ ನೆವಿಲ್ 2015ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಸ್ಕೈ ವಾಹಿನಿಯನ್ನು ಬಿಟ್ಟು ಸ್ಪೇನಿನ ವೆಲೆನ್ಸಿಯಾ ತಂಡದ ಕೋಚ್ ಆದರು, ಬಾರ್ಸಿಲೋನಾ ಎದುರು 7–0ರ ಸೋಲು ಕಂಡರು, ಮಾರ್ಚ್ ಮುಗಿಯುವುದರೊಳಗೆ ಕೆಲಸ ಕಳೆದುಕೊಂಡರು. ಕೋಚ್ ಆಗಿ ಸೋತವರಿಗೆ ಹೇಳುವ ಹಕ್ಕು ಏನಿದೆ ಎಂದು ಆಗ ಕೇಳಿದವರು ಬಹಳ. ಅವರು ಸ್ಟುಡಿಯೋಗೆ ಹಿಂದಿರುಗಿದ ಮೇಲೂ ವಿಶ್ಲೇಷಣೆ ಹರಿತವಾಗಿಯೇ ಇತ್ತು. ಆಡಿಸುವ ವಿದ್ಯೆ ಬೇರೆ, ನೋಡಿ ಹೇಳುವ ವಿದ್ಯೆ ಬೇರೆ.

ಗಲ್ಫಿನಿಂದ ರಜೆಗೆ ಬಂದಿದ್ದ ಗೆಳೆಯರೊಬ್ಬರ ವಾದ ಇದಕ್ಕಿಂತ ಗಟ್ಟಿಯಾದದ್ದು. ಒಬ್ಬರು ಹೋದರೆ ಜಾಗ ತೆರವಾಗುತ್ತದೆ, ಅಲ್ಲಿಗೆ ಇನ್ನೂ ಉತ್ತಮರು ಬರಬಹುದು ಎನ್ನುತ್ತಾರೆ ಅವರು. ಮಹಿಳಾ ಸಹಾಯಕ ರೆಫರಿಯ ಬಗ್ಗೆ ಹೀನವಾಗಿ ಮಾತಾಡಿದ ಪ್ರಕರಣದಲ್ಲಿ ವಿಶ್ಲೇಷಕ ಆ್ಯಂಡಿ ಗ್ರೇ 2011ರ ಜನವರಿಯಲ್ಲಿ ಸ್ಕೈಯಿಂದ ವಜಾಗೊಂಡರು. ಅದು ಆಗಬೇಕಾದದ್ದೇ. ಅದೇ ವರ್ಷ ಆಟದಿಂದ ನಿವೃತ್ತರಾದ ನೆವಿಲ್ ಅಲ್ಲಿಗೆ ಬಂದರು, 2013ರಲ್ಲಿ ಜೇಮಿ ಕ್ಯಾರಗರ್ ಸೇರಿದರು, ಇಬ್ಬರೂ ಕೂಡಿ ಸೋಮವಾರದ ಕಾರ್ಯಕ್ರಮವನ್ನು ಮೊದಲಿಗಿಂತ ಮೇಲೆತ್ತಿದರು. ಈ ಉದಾಹರಣೆ ಸರಿಯಾಗಿದೆ. ಆದರೆ ಅಲ್ಲಿ ಹೋದವರ ಜಾಗಕ್ಕೆ ಕೆಲಸ ಬಲ್ಲವರನ್ನೇ ತಂದರು.

ನಮ್ಮಲ್ಲಿ ತಂದದ್ದು ಯಾರನ್ನು? ಈಗ ಸ್ಟುಡಿಯೋದಲ್ಲಿ ಮೂವರು ಕುಳಿತುಕೊಳ್ಳುತ್ತಾರೆ. ಹದಿನೈದು ನಿಮಿಷದ ವಿರಾಮದಲ್ಲಿ ಜಾಹೀರಾತು ಕಳೆದು ಉಳಿಯುವ ಹೊತ್ತು ಕೊಂಚವೇ, ಅದರಲ್ಲಿ ಯಾವ ಆಟಗಾರ ಯಾವ ಕ್ಲಬ್ಬಿಗೆ ಹೋಗಬಹುದೆಂಬ ಸುದ್ದಿ, ಫ್ಯಾಂಟಸಿ ತಂಡಕ್ಕೆ ಯಾರನ್ನು ಆರಿಸಬೇಕೆಂಬ ಸಲಹೆ, ಕೊನೆಯ ಸ್ಕೋರು ಎಷ್ಟೆಂಬ ಊಹೆ. ಆರ್ಸೆನಲ್ ತಂಡ ಕಾರ್ನರ್‌ನಿಂದ ಗೋಲು ಗಳಿಸುವುದಕ್ಕೆ ಹೆಸರಾಗಿದೆ, 2021ರಲ್ಲಿ ಬಂದ ನಿಕೊಲಾ ಜೋವರ್ ಅವರಿಗೆ ಆ ತಂಡದಲ್ಲಿ ಕಾರ್ನರ್, ಫ್ರೀ ಕಿಕ್‌ಗಳಂಥ ನಿಂತ ಚೆಂಡಿನ ಆಟದ್ದೇ ಜವಾಬ್ದಾರಿ. ಈ ಸೀಸನ್ನಿನಲ್ಲಿ ಅಂಥ ಒಂದು ಗೋಲು ಬಿದ್ದಾಗ ಸ್ಟುಡಿಯೋದ ಹೊಸಬರು ಅದನ್ನು ಮತ್ತೆ ಮತ್ತೆ ತೋರಿಸಿ ‘ಎಂಥ ಹೆಡರ್!’ ಎಂದು ಮುಂದೆ ಹೋದರು. ಗೋಲ್‌ಕೀಪರ್‌ನ ಮುಂದೆ ನಿಂತು ದಾರಿ ಕಟ್ಟಿದವರು ಯಾರು, ಗೋಲಿನ ದೂರದ ಕಂಬದ ಬಳಿಯಿಂದ ಗುಂಪಾಗಿ ಓಡಿಬಂದವರಲ್ಲಿ ಯಾರು ಯಾರ ಕಾವಲನ್ನು ತಪ್ಪಿಸಿದರು ಎಂಬುದೆಲ್ಲ ಅದೇ ಚಿತ್ರದಲ್ಲಿತ್ತು. ತೋರಿಸುವ ಕೈ ಇರಲಿಲ್ಲ. ನನ್ನ ಪಕ್ಕದಲ್ಲಿದ್ದ ಹತ್ತನೇ ತರಗತಿಯ ಹುಡುಗನೊಬ್ಬ ಎದ್ದು ಪರದೆಯ ಹತ್ತಿರ ಹೋಗಿ, ‘ಮಾವ, ಇವನನ್ನು ನೋಡಿ, ಇವನು ಚೆಂಡಿನ ಕಡೆ ನೋಡುವುದೇ ಇಲ್ಲ, ಕೀಪರನ್ನು ತಡೆಯಲಿಕ್ಕೇ ನಿಂತದ್ದು’ ಎಂದು ಬೆರಳಿಟ್ಟು ತೋರಿಸಿದ. ಹೋದವರಿಂದ ಕಲಿತ ಕಣ್ಣು ಅದು. ಇನ್ನು ಹೊಸದಾಗಿ ನೋಡಲು ಶುರುಮಾಡುವ ಮಕ್ಕಳಿಗೆ ಈ ವಾಹಿನಿಯಿಂದ ಅದು ಸಿಗುವುದಿಲ್ಲ ಎಂಬುದೇ ನನ್ನ ದುಃಖ.

ಅವರೇಕೆ ಹೋದರು ಎಂಬುದನ್ನು ವಾಹಿನಿ ಹೇಳಿಲ್ಲ. ಆದ್ದರಿಂದ ಊಹಾಪೋಹಕ್ಕೆ ಮಿತಿಯಿಲ್ಲದಾಗಿದೆ. ‘ಮ್ಯಾಚ್ ಆಫ್ ದ ಡೇ’ ನಿರೂಪಕರಾಗಿದ್ದ ಗ್ಯಾರಿ ಲಿನೆಕರ್ ಪ್ರಸಂಗವನ್ನು ಬಲ್ಲವರು ಇಲ್ಲಿಯೂ ಅಂಥದ್ದೇ ನಡೆದಿರಬಹುದೆಂದು ಮಾತಾಡುತ್ತಾರೆ. ಲಿನೆಕರ್ ಅವರನ್ನು ಸಾಮಾಜಿಕ ಜಾಲತಾಣದ ಬರಹದ ಕಾರಣಕ್ಕೆ 2023ರ ಮಾರ್ಚಿನಲ್ಲಿ ಬಿಬಿಸಿ ಬದಿಗೆ ಸರಿಸಿದಾಗ ಸಹೋದ್ಯೋಗಿಗಳೂ ಬರಲೊಪ್ಪದೆ, ನಿರೂಪಕರೂ ವೀಕ್ಷಕ ವಿವರಣೆಯೂ ಇಲ್ಲದೆ ಇಪ್ಪತ್ತು ನಿಮಿಷದ ಕಾರ್ಯಕ್ರಮ ಪ್ರಸಾರವಾಗಿತ್ತು. 2025ರ ಮೇ ತಿಂಗಳಲ್ಲಿ ಇನ್ನೊಂದು ಬರಹದ ವಿವಾದದ ನಡುವೆ ಅವರು ಬಿಬಿಸಿಯನ್ನು ಬಿಟ್ಟರು. ಅವರನ್ನು ಮೆಚ್ಚುವವರೂ ಮೆಚ್ಚದವರೂ ನಡೆದದ್ದೇನೆಂದು ತಿಳಿದೇ ವಾದಿಸಿದರು. ನಮಗೆ ಅಷ್ಟೂ ಇಲ್ಲ. ವರ್ಷದ ಹಣವನ್ನು ಮುಂಗಡ ಕಟ್ಟಿದವರಿಗೆ, ಇಂಥವರು ಇಂಥ ದಿನದಿಂದ ಇರುವುದಿಲ್ಲ ಎಂಬ ಎರಡು ಸಾಲನ್ನಾದರೂ ತಿಳಿಸಬೇಕಾಗಿತ್ತು.

ಇದಕ್ಕಿಂತ ದೊಡ್ಡ ದೂರು ಇನ್ನೊಂದಿದೆ. ಅವರು ಹೋದ ಮೇಲೆ ಅವರ ಹಳೆಯ ಕಾರ್ಯಕ್ರಮಗಳೂ ಆ್ಯಪ್‌ನಿಂದ ಮಾಯವಾದವು. ಆನ್‌ಫೀಲ್ಡ್ ಪಂದ್ಯದ ವಿಶ್ಲೇಷಣೆ, ಫ್ರೀ ಕಿಕ್ ನಿಯಮದ ವಿವರಣೆ, ರಕ್ಷಣಾ ಸಾಲು ಒಟ್ಟಿಗೆ ಮುಂದೆ ಸರಿಯುವುದನ್ನು ತೋರಿಸಿದ ಸರಣಿ ಯಾವುದೂ ಈಗ ಹುಡುಕಿದರೆ ಸಿಗುವುದಿಲ್ಲ. ನಮ್ಮ ಕ್ಲಬ್ಬಿನಲ್ಲಿ ಮಕ್ಕಳಿಗೆ ತರಬೇತಿ ಕೊಡುವವರು ಆ ಸರಣಿಯನ್ನು ಆದಿತ್ಯವಾರ ಬೆಳಿಗ್ಗೆ ಹಾಕಿ ತೋರಿಸಿ, ಆಮೇಲೆ ಮೈದಾನಕ್ಕೆ ಕರೆದೊಯ್ಯುತ್ತಿದ್ದರು. ಗ್ರಾಹಕ ಸೇವೆಗೆ ಬರೆದಾಗ ನನಗೆ ಬಂದದ್ದು ಆ್ಯಪ್ ತೆಗೆದು ಮತ್ತೆ ಹಾಕಿಕೊಳ್ಳಿ ಎಂಬ ಸಿದ್ಧ ಉತ್ತರ.

ಆದ್ದರಿಂದ ನನ್ನ ಅಭಿಪ್ರಾಯ ಹೀಗಿದೆ. ಪಂದ್ಯ ಮಾತ್ರ ಸಾಕು ಎನ್ನುವವರು, ಸದ್ದು ತಗ್ಗಿಸಿ ನೋಡುವ ಅಭ್ಯಾಸವಿರುವವರು ಈ ಚಂದಾವನ್ನು ಧಾರಾಳವಾಗಿ ಕಟ್ಟಬಹುದು. ಆಟವನ್ನು ಅರಿಯಬೇಕೆಂದು ಬರುವವರಿಗೆ, ಮುಖ್ಯವಾಗಿ ಮಕ್ಕಳಿರುವ ಮನೆಗಳಿಗೆ, ವರ್ಷದ ಚಂದಾವನ್ನು ಈಗ ನಾನು ಸೂಚಿಸುವುದಿಲ್ಲ. ನಾನಂತೂ ತಿಂಗಳ ಲೆಕ್ಕಕ್ಕೆ ಬದಲಾಯಿಸಿಕೊಂಡಿದ್ದೇನೆ. ಐದರಲ್ಲಿ ಮೂರು ನಕ್ಷತ್ರ ಕೊಡುತ್ತೇನೆ, ಮೂರೂ ಪಂದ್ಯಗಳಿಗಾಗಿ. ಹಳೆಯ ಕಾರ್ಯಕ್ರಮಗಳನ್ನು ಮರಳಿ ಹಾಕಿದರೆ ನಾಲ್ಕನೆಯದನ್ನು ಅದೇ ದಿನ ಸೇರಿಸುತ್ತೇನೆ, ವಿಶ್ಲೇಷಕರು ಹಿಂದಿರುಗಲಿ ಬಿಡಲಿ.