ಸೌದೆ ಡಿಪೋದಲ್ಲಿ ಕೊಡತಿ ಹುಡುಕುತ್ತಾ

ಮೈಸೂರಿನ ಬನ್ನಿಮಂಟಪದ ಕಡೆ ಒಂದು ಸೌದೆ ಡಿಪೋ ಇದೆ. ಬೋರ್ಡಿಲ್ಲ. ತಗಡಿನ ಗೇಟು, ಒಳಗೆ ತೂಕದ ಯಂತ್ರ, ಗೇಟಿನ ಪಕ್ಕ ಹಗ್ಗದಲ್ಲಿ ಕಟ್ಟಿಹಾಕಿದ ಒಂದು ಪ್ಲಾಸ್ಟಿಕ್ ಕುರ್ಚಿ. ಅಂಥ ಕುರ್ಚಿಯನ್ನು ಯಾರು ಕದೀತಾರೋ ನನಗಂತೂ ಅರ್ಥವಾಗಿಲ್ಲ. ಎರಡು ವರ್ಷದಿಂದ ಅಲ್ಲಿಗೆ ಹೋಗುತ್ತಿದ್ದೇನೆ. ಮೊದಮೊದಲು ಹೋಗುತ್ತಿದ್ದದ್ದು ಹಂಡೆ ಒಲೆಗೆ. ಚಾಮುಂಡಿಪುರಂನ ನಮ್ಮ ಹಳೇ ಮನೆಯಲ್ಲಿ ಅತ್ತೆಗೆ ಇವತ್ತಿಗೂ ಸೌದೆಯಲ್ಲಿ ಕಾಯಿಸಿದ ನೀರೇ ಆಗಬೇಕು. ಗೀಸರ್ ನೀರು ಮೈಗೆ ಹತ್ತಲ್ವಂತೆ. ಈಗ ಹೋಗುವುದು ಮರಗೆಲಸದ ಸಾಮಾನಿಗೆ. ಕೊಡತಿ (ಉಳಿಗೆ ಹೊಡೆಯುವ ಮರದ ಸುತ್ತಿಗೆ), ಉಳಿಯ ಹಿಡಿ, ಗೆರೆ ಹಾಕುವ ಗೇಜು, ಬೆಣೆ, ಎಲ್ಲ ಆ ಡಿಪೋದ ಸೌದೆಯಲ್ಲೇ ಮಾಡಿಕೊಂಡಿದ್ದೇನೆ.

ನಾನು ಬಡಗಿಯಲ್ಲ. ಕಾಲೇಜು ಲೈಬ್ರರಿಯಲ್ಲಿ ಕೆಲಸ. ಸಂಜೆ ತಾರಸಿ ಮೇಲೆ ಒಂದೆರಡು ಗಂಟೆ ಮರ ಕೆತ್ತುತ್ತೇನೆ, ಅಷ್ಟೇ. ಮೊದಲ ಉಳಿಯನ್ನು ಕಬ್ಬಿಣದ ಸುತ್ತಿಗೆಯಲ್ಲಿ ಹೊಡೆದು ಅದರ ಹಿಡಿಯನ್ನು ಎರಡು ಸೀಳು ಮಾಡಿದೆ. ಅದೇ ವಾರ ಒಲೆಗೆ ಹಾಕಲು ಎತ್ತಿದ ಒಂದು ತುಂಡು ಕೈಯಲ್ಲಿ ಗುಂಡುಕಲ್ಲಿನ ಹಾಗೆ ಕೂತಿತು. ಹೊರಗೆಲ್ಲ ತಿಳಿಹಳದಿ, ಒಳಗೆ ನೇರಳೆ ತಿರುಗಿದ ಕಪ್ಪು ಚೇಗು. ಹುಣಸೆ. ನಮ್ಮ ಹಳ್ಳಿಗಳಲ್ಲಿ ಗಾಣಕ್ಕೆ, ಒನಕೆಗೆ ಹಾಕುತ್ತಿದ್ದ ಮರ. ಇದನ್ನು ಸುಡೋದಾ? ಒಲೆಯ ಮುಂದೆಯೇ ಎತ್ತಿಟ್ಟುಕೊಂಡೆ. ಆವತ್ತು ನೀರು ಕಾಯುವುದು ಲೇಟಾಯಿತು, ಅದರ ಮಾತು ಬೇಡ.

ಮುಂದಿನ ಸಲ ಡಿಪೋಗೆ ಹೋದಾಗ ರಾಶಿಯಿಂದ ಒಂದೊಂದೇ ಎತ್ತಿ ನೋಡಲು ಶುರುಮಾಡಿದೆ. ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಏನ್ ಮೇಡಂ, ಸೌದೆ ಆರಿಸೋಕೆ ಇದೇನು ಈರನಗೆರೆ ಬದನೆಕಾಯಾ?" ಅಂದರು. ಆದರೆ ಬೇಡ ಅನ್ನಲಿಲ್ಲ. ಈ ಡಿಪೋಗೆ ನಾನು ಕೊಡುವ ಮೊದಲ ಮಾರ್ಕು ಇದಕ್ಕೇ. ಆರಿಸಿದ್ದಕ್ಕೂ ಆರಿಸದ್ದಕ್ಕೂ ಒಂದೇ ರೇಟು, ಕಿಲೋಗೆ 10 ರೂಪಾಯಿ. ಹುಣಸೆಯೂ ಅಷ್ಟೇ, ನೀಲಗಿರಿಯೂ ಅಷ್ಟೇ.

ಟಿಂಬರ್ ಅಂಗಡಿಗೇ ಹೋಗಬಹುದಲ್ಲ ಅಂತ ಕೇಳುವವರಿದ್ದಾರೆ. ಹೋಗಿದ್ದೇನೆ. ಅಲ್ಲಿ ಮರ ಗರಗಸದಲ್ಲಿ ಕೊಯ್ದು ಬರುತ್ತದೆ. ಗರಗಸ ಮರದ ಎಳೆಯನ್ನು ಕೇಳಿಕೊಂಡು ಹೋಗುವುದಿಲ್ಲ, ತನ್ನ ದಾರಿ ತಾನು ನೋಡಿಕೊಳ್ಳುತ್ತದೆ. ಹಲಗೆ ನೋಡಲು ನೆಟ್ಟಗೆ, ಒಳಗೆ ಎಳೆ ಓರೆಯಾಗಿ ಪಕ್ಕಕ್ಕೆ ಜಾರಿರುತ್ತದೆ. ಅದರಲ್ಲಿ ಹಿಡಿ ಮಾಡಿದರೆ ಒಂದು ಏಟಿಗೆ ಓರೆಯಾಗಿ ಸೀಳಿ ಬರುತ್ತದೆ. ಕೊಡಲಿ ಹಾಗಲ್ಲ, ಎಳೆ ಹೋದ ಕಡೆಯೇ ಸೀಳುತ್ತದೆ. ಸೀಳಿದ ಸೌದೆ ತಿರುಚಿದ್ದರೆ ಮರವೂ ತಿರುಚಿದೆ, ನೇರ ಇದ್ದರೆ ನೇರ. ಮುಚ್ಚಿಡಲು ಜಾಗವೇ ಇಲ್ಲ. ಹಿಡಿ, ಕಾವು (ಸುತ್ತಿಗೆ, ಕೊಡಲಿಯ ಉದ್ದ ಹಿಡಿಕೆ) ಇಂಥದ್ದಕ್ಕೆ ಸೌದೆಯೇ ಮೇಲು ಅಂತ ನಾನು ಹಟ ಹಿಡಿದು ಹೇಳುವುದು ಇದಕ್ಕೇ.

ಡಿಪೋದಲ್ಲಿ ಜಾಸ್ತಿ ಸಿಗುವುದು ನೀಲಗಿರಿ. ಎಳೆ ಹಗ್ಗದ ಹಾಗೆ ಸುತ್ತಿಕೊಂಡಿರುತ್ತದೆ, ನೇರವಾಗಿ ಒಲೆಗೆ. ಸರ್ವೆ ಗಟ್ಟಿ, ಆದರೆ ಒಣಗುವಾಗ ಬಿರುಕು ಬಿಟ್ಟು ಹೊಟ್ಟೆ ಉರಿಸುತ್ತದೆ. ಗುಲ್‌ಮೊಹರ್ ಬಂದರೆ ನೋಡಲೂ ಬೇಡಿ. ಕರಿಜಾಲಿ ಸಿಕ್ಕಿದರೆ ಬಿಡಬೇಡಿ. ಎತ್ತಿನ ಗಾಡಿಯ ಚಕ್ರಕ್ಕೆ, ನೇಗಿಲಿಗೆ ಹಾಕುತ್ತಿದ್ದ ಮರ ಅದು, ಏಟು ತಡೆಯುತ್ತದೆ. ಕೊಡಗಿನ ಕಡೆಯ ಲೋಡು ಬಂದ ದಿನ ಕೆಳಗಡೆ ಕಾಫಿ ಗಿಡದ ಬೊಡ್ಡೆಗಳಿರುತ್ತವೆ. ಗಾತ್ರ ಚಿಕ್ಕದು, ವಕ್ರ ಬೇರೆ, ಆದರೆ ನುಣುಪು ಅಂದರೆ ನುಣುಪು. ನನ್ನ ಗೇಜಿನ ಕಡ್ಡಿ ಕಾಫಿಯದು. ಅರದಲ್ಲಿ ಉಜ್ಜಿ ಒಂದು ಹನಿ ಎಣ್ಣೆ ಸವರಿದೆ. ಕೈಗೆ ಸಿಕ್ಕಿದರೆ ಸುಮ್ನೆ ತಿರುಗಿಸುತ್ತಾ ಕೂರುವ ಹಾಗಾಯಿತು.

ಇನ್ನು ಕೊಡತಿ. ಮೊದಲನೆಯದು ಕೆಟ್ಟಿತು. ಹಸಿ ಹುಣಸೆಯ ದುಂಡು ತುಂಡನ್ನು ಹಾಗೇ ಕತ್ತರಿಸಿ ಏಪ್ರಿಲ್ ಬಿಸಿಲಲ್ಲಿ ತಾರಸಿ ಮೇಲೆ ಇಟ್ಟೆ. ನಾಲ್ಕೇ ದಿನಕ್ಕೆ ಎರಡೂ ತುದಿಯಲ್ಲಿ ಬೆರಳು ತೂರುವಷ್ಟು ಬಿರುಕು. ತಪ್ಪು ನನ್ನದೇ. ಮರದ ತುದಿ ಮೈಗಿಂತ ಬೇಗ ಒಣಗುತ್ತದೆ. ಒಣಗುವಾಗ ಮರ ಸುತ್ತಳತೆಯ ಕಡೆ ಜಾಸ್ತಿ ಕುಗ್ಗುತ್ತದೆ, ತಿರುಳಿನ ಕಡೆಗೆ ಅದರ ಅರ್ಧದಷ್ಟು. ತಿರುಳನ್ನು ನಡುವೆ ಇಟ್ಟುಕೊಂಡ ದುಂಡು ತುಂಡು ಬಿರಿಯದೆ ಇನ್ನೇನು ಮಾಡುತ್ತೆ? ಈಗ ತಂದ ದಿನವೇ ಸೀಳಿ ತಿರುಳು ತೆಗೆದುಬಿಡುತ್ತೇನೆ. ಎರಡೂ ತುದಿಗೆ ಉಳಿದ ಪೇಂಟೋ ಫೆವಿಕಾಲೋ ದಪ್ಪಗೆ ಬಳಿದು, ಬಚ್ಚಲ ಅಟ್ಟದ ನೆರಳಲ್ಲಿ ಇಟ್ಟು ಮರೆಯುತ್ತೇನೆ. ಮರೆಯುವುದೇ ಕಷ್ಟ.

ಎರಡನೆಯ ಕೊಡತಿ ಇವತ್ತಿಗೂ ಇದೆ. ತಲೆ ಹುಣಸೆ, 15 ಸೆಂಟಿಮೀಟರ್ ಉದ್ದ, ತೂಕ 800 ಗ್ರಾಂ ಹತ್ತಿರ. ಕಾವು ಜಾಲಿ. ತಲೆಯ ತೂತು ಮೇಲೆ 38 ಮಿಲಿಮೀಟರ್, ಕೆಳಗೆ 32. ಕಾವೂ ಅದೇ ಲೆಕ್ಕದಲ್ಲಿ ಮೇಲೆ ಅಗಲ. ಅದನ್ನು ಮೇಲಿನಿಂದ ತೂರಿಸಿ ಕೆಳಗೆ ಎಳೆಯಬೇಕು. ಬೀಸಿದಾಗ ತಲೆ ಹೊರಗೆ ಹಾರಲು ನೋಡುತ್ತದೆ, ಹಾರಲು ನೋಡಿದಷ್ಟೂ ಕಾವಿನ ಅಗಲಕ್ಕೆ ಸಿಕ್ಕಿ ಬಿಗಿಯಾಗುತ್ತದೆ. ಅಂಟು ಇಲ್ಲ, ಬೆಣೆ ಇಲ್ಲ, ಮೊಳೆ ಇಲ್ಲ. ಬೇಸಿಗೆಯಲ್ಲಿ ಸ್ವಲ್ಪ ಸಡಿಲ ಆದರೆ ಕೊಡತಿಯನ್ನು ತಲೆಕೆಳಗು ಮಾಡಿ ಕಾವಿನ ಮೇಲ್ತುದಿಯನ್ನು ನೆಲಕ್ಕೆ ಎರಡು ಸಲ ಕುಟ್ಟಿದರೆ ಆಯಿತು. ಹೊಡೆಯುವ ಮುಖ ಎರಡನ್ನೂ ಸ್ವಲ್ಪ ಓರೆ ಮಾಡಿದ್ದೇನೆ. ನಾವು ಬೀಸುವುದು ಮೊಣಕೈಯಿಂದ, ತಲೆ ಬರುವುದು ಕಮಾನಿನಲ್ಲಿ. ಮುಖ ಓರೆ ಇದ್ದರೆ ಉಳಿಯ ಮೇಲೆ ಸಪಾಟಾಗಿ ಬೀಳುತ್ತದೆ. ಆ ತೂತು ಹೊಡೆಯಲು ಬೈರಿಗೆ, ಉಳಿ ಎರಡೂ ಹಿಡಿದು ಮೂರು ಸಂಜೆ ಆಯಿತು. ಹುಣಸೆ ಅಷ್ಟು ಸುಲಭಕ್ಕೆ ಬಗ್ಗುವ ಮರವಲ್ಲ. ಹೋದ ಆಯುಧಪೂಜೆಗೆ ಅತ್ತೆ ಅದಕ್ಕೆ ಹಚ್ಚಿದ ಕುಂಕುಮ ಎಳೆಯೊಳಗೆ ಇಳಿದು ಇನ್ನೂ ಹೋಗಿಲ್ಲ.

ಈಗ ದೂರು. ಮಳೆಗಾಲದಲ್ಲಿ ರಾಶಿಯ ಮೇಲೆ ಟಾರ್ಪಾಲು ಹಾಕುವುದಿಲ್ಲ, ನೆನೆದ ಸೌದೆಯನ್ನೇ ತೂಗುತ್ತಾರೆ. 10 ರೂಪಾಯಿಗೆ ನೀರನ್ನೂ ಕೊಂಡ ಹಾಗೆ. ಕೇಳಿದರೆ, "ಒಣಗಿದ್ ಮೇಲೆ ಬನ್ನಿ" ಅನ್ನುತ್ತಾರೆ. ಅದೂ ನ್ಯಾಯವೇ, ಆದರೆ ಹಂಡೆ ಕಾಯಬೇಕಲ್ಲ. ಎರಡು ತುಂಡು ತೆಗೆದು ಒಂದಕ್ಕೊಂದು ತಟ್ಟಿ ನೋಡಿ. ಠಣ್ ಅಂದರೆ ಒಣಗಿದೆ, ದಬ್ ಅಂದರೆ ವಾಪಸ್ ಇಡಿ.

ಒಂದು ಸಲ ಜಾಲಿಯ ತುಂಡಿನೊಳಗೆ ಮೊಳೆ ಇತ್ತು. ರಸ್ತೆ ಬದಿ ಮರಕ್ಕೆ ಯಾರೋ ಟ್ಯೂಷನ್ ಬೋರ್ಡು ಹೊಡೆದಿರಬೇಕು. ನನ್ನ ಒಳ್ಳೆಯ ಉಳಿಯ ಬಾಯಿ ಹೋಯಿತು. ಡಿಪೋದವರು ಮರದ ಹೊಟ್ಟೆ ಕುಯ್ದು ನೋಡಲಾಗುತ್ತದೆಯೇ, ಅವರನ್ನು ಬೈಯಲಿಲ್ಲ. ಈಗ ಗುರುತು ಗೊತ್ತು. ಜಾಲಿಯಲ್ಲಿ ಒಗರು ಜಾಸ್ತಿ, ಕಬ್ಬಿಣ ತಾಗಿದ ಕಡೆ ನೀಲಿಗಪ್ಪು ಮಸಿಯ ಹಾಗೆ ಕಲೆ ಹರಡಿರುತ್ತದೆ. ಕಲೆ ಕಂಡರೆ ಆ ತುಂಡು ಒಲೆಯ ಪಾಲು. ಸೂಜಿ ಚುಚ್ಚಿದ ಹಾಗೆ ತೂತು, ಕೆಳಗೆ ಹಿಟ್ಟಿನಂಥ ಪುಡಿ ಕಂಡರೆ ಕುಟ್ಟೆ ಹುಳ ಹಿಡಿದಿದೆ. ಅದನ್ನು ಮನೆಯೊಳಗೇ ತರಬೇಡಿ. ನಾನು ತಂದು, ಬಾಗಿಲ ಚೌಕಟ್ಟಿಗೂ ಹತ್ತಿತೇನೋ ಅಂತ ಒಂದು ತಿಂಗಳು ಟಾರ್ಚ್ ಹಿಡಿದು ಓಡಾಡಿದೆ.

ತಂದದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಕೊನೆಗೆ ಹಂಡೆ ಕೆಳಗೇ ಹೋಗುತ್ತದೆ. ಅದು ನಷ್ಟವಲ್ಲ, ಅತ್ತೆಗೆ ಸ್ನಾನ. ಐದಕ್ಕೆ ನಾಲ್ಕು ಕೊಡುತ್ತೇನೆ, ಟಾರ್ಪಾಲು ಹಾಕಿದ ದಿನ ಇನ್ನೊಂದು.

ಹೋಗುವವರು ಗೋಣಿಚೀಲ, ಗ್ಲೌಸು ತೆಗೆದುಕೊಂಡು ಹೋಗಿ. ಸ್ಕೂಟರಿನ ಕಾಲಿಡುವ ಜಾಗದಲ್ಲಿ 20 ಕಿಲೋ ಆರಾಮಾಗಿ ಕೂರುತ್ತದೆ. ಬೆಳಗ್ಗೆ ಹೋಟೆಲಿನವರು, ಕೇಟರಿಂಗಿನವರು ಬರುತ್ತಾರೆ, ಆಗ ಆರಿಸುತ್ತಾ ನಿಂತರೆ ಬೈಸಿಕೊಳ್ಳುತ್ತೀರಿ. ಮಧ್ಯಾಹ್ನ ಮೂರರ ಮೇಲೆ ಒಳ್ಳೆಯದು. ಹಾಂ, ಹಿಂದಿನ ಗೋಡೆಗೆ ಒರಗಿಸಿಟ್ಟ ದಪ್ಪ ಹುಣಸೆ ಬೊಡ್ಡೆ ಇದೆಯಲ್ಲ, ಸೀಮೆಸುಣ್ಣದಲ್ಲಿ ಗುಂಡು ಸುತ್ತಿದ್ದು, ಅದನ್ನು ಕೇಳಬೇಡಿ. ನಾನು ಆಗಲೇ ಹೇಳಿಟ್ಟಿದ್ದೇನೆ.